ಲಿನಕ್ಸ್ ಹಾಕಿದ ಮೇಲೆ ಡಿ ಡ್ರೈವ್‌ನಲ್ಲಿ ಫೈಲ್ ಸೇವ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನ ಓದಿ

ಚಳ್ಳಕೆರೆ/ಮೊಳಕಾಲ್ಮೂರು: ಅಂಗಡಿಯ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸಿದ್ದೀರಿ. ಡಿ ಡ್ರೈವ್ ಕಾಣ್ತಿದೆ, ಒಳಗಿನ ಫೈಲ್ ಎಲ್ಲಾ ತೆರೆದುಕೊಳ್ತಿವೆ. ಆದರೆ ಹೊಸದೇನನ್ನೂ ಸೇವ್ ಮಾಡೋಕೆ ಆಗ್ತಿಲ್ಲ. ಪೇಸ್ಟ್ ಅನ್ನೋ ಆಯ್ಕೆ ಮಸುಕಾಗಿದೆ. ಫೋಲ್ಡರ್ ಮೇಲೆ ಸಣ್ಣ ಬೀಗದ ಗುರುತು. ರಿಪೇರಿಗೆ ಒಯ್ದರೆ ‘ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು’ ಅನ್ನೋ ಮಾತು ಬರಬಹುದು.

ಒಂದು ನಿಮಿಷ ತಡೀರಿ. ಇಂಥ ಸಂದರ್ಭದಲ್ಲಿ ಹೆಚ್ಚಾಗಿ ಡಿಸ್ಕ್ ಹೋಗಿರೋದಿಲ್ಲ, ಫೈಲ್‌ಗಳೂ ಹೋಗಿರೋದಿಲ್ಲ. ಡಿಸ್ಕ್‌ಗೆ ಬರೆಯೋ ಅನುಮತಿ ಮಾತ್ರ ಸಿಕ್ಕಿರೋದಿಲ್ಲ. ಆ ಅನುಮತಿಯನ್ನ ಒಂದು ರೂಪಾಯಿ ಖರ್ಚಿಲ್ಲದೆ ವಾಪಸ್ ಪಡೆಯಬಹುದು. ಫಾರ್ಮ್ಯಾಟ್ ಮಾಡಿಸಿದ್ರೆ ಮಾತ್ರ ಇರೋದೂ ಹೋಗುತ್ತೆ.

ಈಗ ಯಾಕೆ ಈ ಸಮಸ್ಯೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಿಂತುಹೋಗಲ್ಲ. ಆದರೆ ಹೆಚ್ಚುವರಿ ಯೋಜನೆಗೆ ನೋಂದಾಯಿಸಿಕೊಂಡವರನ್ನ ಬಿಟ್ಟರೆ ಉಳಿದವರಿಗೆ ಭದ್ರತಾ ಅಪ್‌ಡೇಟ್ ಬರೋದಿಲ್ಲ. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಕಂಪನಿ ಒಪ್ಪಿದ ಪಟ್ಟಿಯಲ್ಲಿರೋ ಪ್ರೊಸೆಸರ್ ಬೇಕು. ಎಂಟು ಹತ್ತು ವರ್ಷದ ಹಿಂದೆ ತಗೊಂಡ ಬಹುಪಾಲು ಮಷೀನ್‌ಗಳು ಈ ಪಟ್ಟಿಗೆ ಬರೋದಿಲ್ಲ.

ಹಾಗಾಗಿ ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್, ಉಬುಂಟು ಕಡೆ ಜನ ನೋಡ್ತಿದ್ದಾರೆ. ಕೆಲವರು ವಿಂಡೋಸ್ ಪೂರ್ತಿ ತೆಗೆಸ್ತಾರೆ. ಟ್ಯಾಲಿ, ನುಡಿ ಮೇಲೆ ಕೆಲಸ ಮಾಡೋರು ವಿಂಡೋಸ್ ಬಿಡೋಕೆ ಆಗದೆ ಒಂದೇ ಕಂಪ್ಯೂಟರ್‌ನಲ್ಲಿ ಎರಡನ್ನೂ ಇಟ್ಟುಕೊಳ್ತಾರೆ. ಎರಡೂ ಕಡೆ ಡಿ ಡ್ರೈವ್ ಮಾತ್ರ ಹಳೇದೇ. ಶೇಂಗಾ ಮಂಡಿಯ ಲೆಕ್ಕ, ಎಣ್ಣೆ ಮಿಲ್ಲಿನ ಬಿಲ್ಲು, ಡಿಟಿಪಿ ಅಂಗಡಿಯ ಲಗ್ನಪತ್ರಿಕೆ, ರೇಷ್ಮೆ ಸೀರೆಯ ಅಂಚು ಸೆರಗಿನ ಡಿಸೈನ್ ಎಲ್ಲಾ ಅದರಲ್ಲೇ ಇರುತ್ತೆ. ತೊಂದರೆ ಬರೋದೂ ಅಲ್ಲೇ.

ಡಿ ಡ್ರೈವ್ ಒಳಗೆ ಏನಿದೆ?

ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್‌ಗಳನ್ನ ಜೋಡಿಸಿಡೋಕೆ ಒಂದು ಪದ್ಧತಿ ಇರುತ್ತೆ. ವಿಂಡೋಸ್ ಬಳಸೋ ಪದ್ಧತಿಯ ಹೆಸರು ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದಿದ್ದು. ಲಿನಕ್ಸ್‌ನ ಸ್ವಂತ ಪದ್ಧತಿ ಬೇರೆ. ಆದರೂ ಎನ್‌ಟಿಎಫ್‌ಎಸ್ ಓದಿ ಬರೆಯೋದನ್ನ ಲಿನಕ್ಸ್ ಕಲಿತಿದೆ. ಅದಕ್ಕೆ ಎರಡು ದಾರಿ ಇವೆ. ಮೊದಲನೇದು 2007ರಲ್ಲಿ ಸ್ಥಿರ ಆವೃತ್ತಿಯಾಗಿ ಬಂದ ಎನ್‌ಟಿಎಫ್‌ಎಸ್-3ಜಿ. ಎರಡನೇದು ಪ್ಯಾರಗಾನ್ ಕಂಪನಿ ಬರೆದುಕೊಟ್ಟ ಎನ್‌ಟಿಎಫ್‌ಎಸ್3. ಇದು 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಕರ್ನಲ್ 5.15ರಿಂದ ಲಿನಕ್ಸ್ ಒಳಗೇ ಸೇರಿದೆ.

ಅಂದ್ರೆ ‘ಲಿನಕ್ಸ್‌ನಲ್ಲಿ ವಿಂಡೋಸ್ ಡ್ರೈವ್ ನಡೆಯಲ್ಲ’ ಅನ್ನೋ ಮಾತು ಸರಿಯಲ್ಲ. ನಡೆಯುತ್ತೆ. ನಡೆಯದೇ ಇದ್ರೆ ಅದಕ್ಕೆ ಮುಖ್ಯವಾಗಿ ಎರಡು ಕಾರಣ.

ಮೊದಲು ಯಾವ ಕಾಯಿಲೆ ಅಂತ ತಿಳ್ಕೊಳ್ಳಿ

ಒಂದು ‘ರೀಡ್ ಓನ್ಲಿ ಫೈಲ್ ಸಿಸ್ಟಮ್’. ಅಂದ್ರೆ ಇಡೀ ಡ್ರೈವನ್ನೇ ಲಿನಕ್ಸ್ ಓದೋಕೆ ಮಾತ್ರ ತೆರೆದಿದೆ. ಎರಡು ‘ಪರ್ಮಿಷನ್ ಡಿನೈಡ್’. ಅಂದ್ರೆ ಡ್ರೈವ್ ಬರೆಯೋಕೂ ತೆರೆದಿದೆ, ಆದರೆ ನಿಮ್ಮ ಹೆಸರಿಗೆ ಹಕ್ಕಿಲ್ಲ. ಮದ್ದು ಎರಡಕ್ಕೂ ಬೇರೆ ಬೇರೆ.

ಯಾವುದು ಅಂತ ನೋಡೋಕೆ ಟರ್ಮಿನಲ್ ತೆರೆದು ಫೈಂಡ್‌ಎಂಎನ್‌ಟಿ ಅಂತ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಬರೋ ಪಟ್ಟಿಯಲ್ಲಿ ನಿಮ್ಮ ಡ್ರೈವ್ ಇರೋ ಸಾಲಿನ ಕೊನೆಯ ಕಾಲಂ ಶುರುವಾಗೋದು ‘ಆರ್‌ಓ’ ಅಂತಿದ್ರೆ ಮೊದಲನೇ ಕಾಯಿಲೆ. ‘ಆರ್‌ಡಬ್ಲ್ಯು’ ಅಂತಿದ್ರೆ ಎರಡನೇದು.

ಕೆಲವು ಹೊಸ ಲಿನಕ್ಸ್‌ಗಳಲ್ಲಿ ಡ್ರೈವ್ ತೆರೆಯೋದೇ ಇಲ್ಲ. ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್’ ಅಂತ ಉದ್ದದ ಸಂದೇಶ ಬರುತ್ತೆ. ಡಿಸ್ಕ್ ಸತ್ತೇ ಹೋಯ್ತು ಅಂತ ಜನ ಹೆದರೋದು ಇದನ್ನ ನೋಡಿ. ಎನ್‌ಟಿಎಫ್‌ಎಸ್ ಡ್ರೈವ್ ಆಗಿದ್ರೆ ಬಹಳ ಸಲ ಇದೂ ಮೊದಲನೇ ಕಾಯಿಲೆಯೇ. ಹೊಸ ಎನ್‌ಟಿಎಫ್‌ಎಸ್3, ಸರಿಯಾಗಿ ಮುಚ್ಚದ ಡ್ರೈವನ್ನ ತೆರೆಯೋಕೇ ಒಪ್ಪೋದಿಲ್ಲ.

ಮೊದಲನೇ ಕಾರಣ: ವಿಂಡೋಸ್ ಪೂರ್ತಿ ಆಫ್ ಆಗಿಲ್ಲ

2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅನ್ನೋ ಸೌಲಭ್ಯ ಇದೆ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ. ತನ್ನ ಒಳಗಿನ ಸ್ಥಿತಿಯನ್ನ ಸಿ ಡ್ರೈವ್‌ನ ಒಂದು ಫೈಲ್‌ನಲ್ಲಿ ಬಚ್ಚಿಟ್ಟು ಅರ್ಧ ನಿದ್ದೆಗೆ ಹೋಗುತ್ತೆ. ಮಾರನೇ ದಿನ ಅದನ್ನೇ ಎತ್ತಿಕೊಂಡು ಬೇಗ ಎದ್ದೇಳುತ್ತೆ. ವಿಂಡೋಸ್ ಒಂದೇ ಇದ್ದರೆ ಇದರಿಂದ ಅನುಕೂಲವೇ. ಜೊತೆಗೆ ಲಿನಕ್ಸ್ ಇದ್ದಾಗ ತಂಟೆ ಶುರು.

ಮಂಡಿಯ ಲೆಕ್ಕಕ್ಕೆ ಹೋಲಿಸಿ ನೋಡಿ. ಗುಮಾಸ್ತ ಬೆಳಗಿನ ವ್ಯಾಪಾರವನ್ನ ಚೀಟಿಯಲ್ಲಿ ಬರ್ಕೊಂಡು, ಖಾತೆ ಪುಸ್ತಕಕ್ಕೆ ಇನ್ನೂ ಏರಿಸದೆ, ಚೀಟಿ ಜೇಬಲ್ಲಿಟ್ಕೊಂಡು ಊಟಕ್ಕೆ ಹೋಗಿದ್ದಾನೆ. ಆ ಹೊತ್ತಲ್ಲಿ ಇನ್ನೊಬ್ಬ ಬಂದು ಅದೇ ಪುಟದಲ್ಲಿ ಬರೆದ್ರೆ? ಗುಮಾಸ್ತ ವಾಪಸ್ ಬಂದು ತನ್ನ ಚೀಟಿ ಪ್ರಕಾರ ಬರೀತಾನೆ. ಎರಡು ಲೆಕ್ಕ ಸೇರಿ ಪುಸ್ತಕವೇ ಕೆಡುತ್ತೆ.

ಲಿನಕ್ಸ್‌ಗೆ ಇದು ಗೊತ್ತು. ಡ್ರೈವ್ ನೋಡಿ ‘ವಿಂಡೋಸ್ ಇನ್ನೂ ಇದನ್ನ ಹಿಡ್ಕೊಂಡಿದೆ’ ಅಂತ ತಿಳಿದ ತಕ್ಷಣ ಬರೆಯೋದನ್ನ ನಿಲ್ಲಿಸುತ್ತೆ. ಅಂದ್ರೆ ಆ ಬೀಗ ಇರೋದು ನಿಮ್ಮ ಫೈಲ್ ಉಳಿಸೋಕೆ.

ಫಾಸ್ಟ್ ಸ್ಟಾರ್ಟಪ್ ಒಂದೇ ಅಲ್ಲ. ಕೆಲಸ ನಡೀತಿರುವಾಗ ಕರೆಂಟ್ ಹೋಗಿ ಯುಪಿಎಸ್ ಇಲ್ಲದೆ ಮಷೀನ್ ಆಫ್ ಆದ್ರೂ, ಇಜೆಕ್ಟ್ ಮಾಡದೆ ಹಾರ್ಡ್‌ಡಿಸ್ಕ್ ಕಿತ್ತರೂ ಡ್ರೈವ್ ಮೇಲೆ ‘ಸರಿಯಾಗಿ ಮುಚ್ಚಿಲ್ಲ’ ಅನ್ನೋ ಗುರುತು ಉಳಿಯುತ್ತೆ. ಫಲ ಒಂದೇ.

ಇದಕ್ಕೆ ಪರಿಹಾರ: ವಿಂಡೋಸ್ ಇನ್ನೂ ಇದ್ದರೆ

ತಕ್ಷಣದ ಉಪಾಯ ಬಹಳ ಸುಲಭ. ವಿಂಡೋಸ್ ಒಳಗೆ ಹೋಗಿ ಶಟ್‌ಡೌನ್ ಬದಲು ‘ರೀಸ್ಟಾರ್ಟ್’ ಒತ್ತಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುತ್ತೆ. ಮತ್ತೆ ಆನ್ ಆಗುವಾಗ ಬರೋ ಪಟ್ಟಿಯಲ್ಲಿ ಲಿನಕ್ಸ್ ಆರಿಸಿ. ಇಲ್ಲವೇ ಶಿಫ್ಟ್ ಕೀಲಿ ಹಿಡ್ಕೊಂಡು ಶಟ್‌ಡೌನ್ ಒತ್ತಿ.

ಶಾಶ್ವತವಾಗಿ ಸರಿ ಮಾಡೋಕೆ ವಿಂಡೋಸ್‌ನಲ್ಲೇ ಹೀಗೆ ಮಾಡಿ:

1. ಕಂಟ್ರೋಲ್ ಪ್ಯಾನೆಲ್ ತೆರೆದು ‘ಪವರ್ ಆಪ್ಷನ್ಸ್’ಗೆ ಹೋಗಿ.
2. ಎಡಗಡೆ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಒತ್ತಿ.
3. ಮೇಲೆ ಇರೋ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ.
4. ಕೆಳಗೆ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಟಿಕ್ ತೆಗೆದು ‘ಸೇವ್ ಚೇಂಜಸ್’ ಕೊಡಿ.
5. ಒಂದು ಸಲ ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಲಿನಕ್ಸ್ ಆನ್ ಮಾಡಿ.

ಇದರಿಂದ ವಿಂಡೋಸ್ ಆನ್ ಆಗೋಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಬಹುದು, ಬೇರೇನೂ ನಷ್ಟವಿಲ್ಲ. ಲ್ಯಾಪ್‌ಟಾಪ್ ಬಳಸೋರು ಇನ್ನೊಂದು ನೆನಪಿಡಿ: ವಿಂಡೋಸನ್ನ ಹೈಬರ್ನೇಟ್‌ನಲ್ಲಿ ಬಿಟ್ಟು ಲಿನಕ್ಸ್‌ಗೆ ಬರಬೇಡಿ. ವಿಂಡೋಸ್‌ಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಆ ಟಿಕ್ ಮತ್ತೆ ಬಿದ್ದಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ.

ಕರೆಂಟ್ ಹೋಗಿ ಆದ ತೊಂದರೆಯಾದ್ರೆ ವಿಂಡೋಸ್‌ನಲ್ಲಿ ಡಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಅಲ್ಲಿ ‘ಚೆಕ್’ ಒತ್ತಿ. ವಿಂಡೋಸ್ ತಾನೇ ಪರೀಕ್ಷೆ ಮಾಡಿ ಗುರುತು ಅಳಿಸುತ್ತೆ.

ವಿಂಡೋಸ್ ತೆಗೆದೇಬಿಟ್ಟಿದ್ರೆ?

ಸಿ ಡ್ರೈವ್ ಅಳಿಸಿ ಅಲ್ಲಿ ಲಿನಕ್ಸ್ ಹಾಕಿಸಿದೋರಿಗೆ ಇದೇ ದೊಡ್ಡ ಪೀಕಲಾಟ. ಕೊನೇ ಸಲ ವಿಂಡೋಸ್ ಪೂರ್ತಿ ಮುಚ್ಚದೇನೇ ಅದನ್ನ ತೆಗೆದಿದ್ರೆ, ಡಿ ಡ್ರೈವ್ ಮೇಲಿನ ಗುರುತು ಹಾಗೇ ಉಳಿದಿರುತ್ತೆ. ಅಳಿಸಬೇಕಾದ ವಿಂಡೋಸೇ ಇಲ್ಲ.

ಮೊದಲ ಕೆಲಸ ನಕಲು. ಬರೆಯೋಕೆ ಬಿಡದಿದ್ರೂ ಡ್ರೈವ್ ಓದೋಕೆ ಬಿಡ್ತಿದ್ರೆ, ಬೇಕಾದ ಫೈಲ್‌ಗಳನ್ನ ಲಿನಕ್ಸ್‌ನ ಹೋಮ್ ಫೋಲ್ಡರ್‌ಗೋ ಬೇರೆ ಹಾರ್ಡ್‌ಡಿಸ್ಕ್‌ಗೋ ಕಾಪಿ ಮಾಡ್ಕೊಳ್ಳಿ. ನಕಲು ತೆರೆದು ಸರಿಯಾಗಿದೆಯಾ ನೋಡಿ.

ಆಮೇಲೆ ಎರಡು ದಾರಿ. ಸುರಕ್ಷಿತವಾದದ್ದು ಅಂದ್ರೆ ಆ ಹಾರ್ಡ್‌ಡಿಸ್ಕನ್ನ ವಿಂಡೋಸ್ ಇರೋ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಮೇಲೆ ಹೇಳಿದ ‘ಚೆಕ್’ ನಡೆಸೋದು. ಯುಎಸ್‌ಬಿ ಕೇಸ್ ಇದ್ದರೆ ಇದು ಹತ್ತು ನಿಮಿಷದ ಕೆಲಸ ಶುರು ಮಾಡೋಕೆ, ಡಿಸ್ಕ್ ದೊಡ್ಡದಿದ್ರೆ ಮುಗಿಯೋಕೆ ಹೆಚ್ಚು ಹೊತ್ತು.

ಅದು ಆಗದಿದ್ರೆ ಲಿನಕ್ಸ್‌ನ ‘ಡಿಸ್ಕ್ಸ್’ ಅನ್ನೋ ಅಪ್ಲಿಕೇಶನ್ ತೆರೆಯಿರಿ. ಡಿ ಡ್ರೈವ್ ಆರಿಸಿ, ಅದನ್ನ ಅನ್‌ಮೌಂಟ್ ಮಾಡಿ, ಗಿಯರ್ ಗುರುತು ಒತ್ತಿ ‘ರಿಪೇರ್ ಫೈಲ್‌ಸಿಸ್ಟಮ್’ ಕೊಡಿ. ಇದು ಹಿಂದೆ ಎನ್‌ಟಿಎಫ್‌ಎಸ್‌ಫಿಕ್ಸ್ ಅನ್ನೋ ಉಪಕರಣ ಬಳಸಿ ಗುರುತು ಅಳಿಸುತ್ತೆ. ಆದರೆ ಇದು ವಿಂಡೋಸ್‌ನ ಪೂರ್ತಿ ಪರೀಕ್ಷೆಗೆ ಸಮ ಅಲ್ಲ. ಸಣ್ಣಪುಟ್ಟದನ್ನ ಮಾತ್ರ ಸರಿಮಾಡುತ್ತೆ. ಅದಕ್ಕೇ ನಕಲು ಮೊದಲು, ರಿಪೇರಿ ಆಮೇಲೆ.

ಎರಡನೇ ಕಾರಣ: ಡ್ರೈವ್ ಯಾರ ಹೆಸರಲ್ಲಿದೆ?

ಫೈಂಡ್‌ಎಂಎನ್‌ಟಿ ಪಟ್ಟಿಯಲ್ಲಿ ‘ಆರ್‌ಡಬ್ಲ್ಯು’ ಇದ್ದೂ ಸೇವ್ ಆಗ್ತಿಲ್ಲ ಅಂದ್ರೆ ವಿಂಡೋಸ್ ತಪ್ಪಿಲ್ಲ. ಇದು ಹೆಸರಿನ ಸಮಸ್ಯೆ.

ಲಿನಕ್ಸ್‌ನಲ್ಲಿ ಪ್ರತಿ ಫೈಲ್‌ಗೂ ಒಬ್ಬ ಒಡೆಯ ಇರಬೇಕು, ಹೊಲಕ್ಕೆ ಪಹಣಿ ಇದ್ದ ಹಾಗೆ. ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿರೋದು ವಿಂಡೋಸ್‌ನ ಹೆಸರುಗಳು, ಅವು ಲಿನಕ್ಸ್‌ಗೆ ಗುರುತಿಲ್ಲ. ಹಾಗಾಗಿ ಡ್ರೈವ್ ತೆರೆಯುವಾಗಲೇ ‘ಇದು ಇಂಥವರದ್ದು’ ಅಂತ ಹೇಳಬೇಕು. ಹೇಳದಿದ್ರೆ ತೆರೆದವರ ಹೆಸರಿಗೇ ಹೋಗುತ್ತೆ.

ಫೈಲ್ ಮ್ಯಾನೇಜರ್‌ನಲ್ಲಿ ಡ್ರೈವ್ ಮೇಲೆ ಕ್ಲಿಕ್ ಮಾಡಿ ತೆರೆದ್ರೆ ಕ್ಲಿಕ್ ಮಾಡಿದವರ ಹೆಸರಿಗೆ ಬರುತ್ತೆ, ತೊಂದರೆ ಇಲ್ಲ. ಆದರೆ ಕಂಪ್ಯೂಟರ್ ಆನ್ ಆದ ಕೂಡ್ಲೇ ಡ್ರೈವ್ ತಾನಾಗೇ ತೆರೀಲಿ ಅಂತ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲ್‌ನಲ್ಲಿ ಸಾಲು ಬರೆಸಿದ್ರೆ, ತೆರೆಯೋದು ‘ರೂಟ್’, ಅಂದ್ರೆ ಕಂಪ್ಯೂಟರ್‌ನ ಯಜಮಾನ. ಆ ಸಾಲಿನಲ್ಲಿ ನಿಮ್ಮ ಹೆಸರು ಇಲ್ಲದಿದ್ರೆ ಎಲ್ಲಾ ರೂಟ್ ಪಾಲಿಗೆ ಹೋಗಿ, ನಿಮಗೆ ನೋಡೋ ಹಕ್ಕಷ್ಟೇ ಉಳಿಯಬಹುದು.

ಇಲ್ಲಿ ಬಹಳ ಜನ ಮಾಡೋ ಪ್ರಯತ್ನ ಸಿಎಚ್‌ಮಾಡ್, ಸಿಎಚ್‌ಓನ್ ಅನ್ನೋ ಆಜ್ಞೆ ಕೊಡೋದು. ಲಿನಕ್ಸ್‌ನ ಸ್ವಂತ ಡ್ರೈವ್‌ನಲ್ಲಿ ಅದು ಸರಿ. ಎನ್‌ಟಿಎಫ್‌ಎಸ್-3ಜಿ ಮಾಮೂಲಿಯಾಗಿ ತೆರೆದ ಡ್ರೈವ್‌ನಲ್ಲಿ ನೂರು ಸಲ ಕೊಟ್ಟರೂ ಏನೂ ಬದಲಾಗಲ್ಲ. ಹಕ್ಕು ನಿರ್ಧಾರ ಆಗೋದು ಡ್ರೈವ್ ತೆರೆಯೋ ಹೊತ್ತಲ್ಲಿ, ಆಮೇಲೆ ಅಲ್ಲ.

ಇದಕ್ಕೆ ಪರಿಹಾರ

1. ಟರ್ಮಿನಲ್‌ನಲ್ಲಿ ಐಡಿ ಅಂತ ಎರಡೇ ಅಕ್ಷರ ಟೈಪ್ ಮಾಡಿ. ಯುಐಡಿ, ಜಿಐಡಿ ಮುಂದೆ ನಿಮ್ಮ ಸಂಖ್ಯೆ ಬರುತ್ತೆ. ಮಿಂಟ್, ಉಬುಂಟುಗಳಲ್ಲಿ ಮೊದಲು ಮಾಡಿದ ಖಾತೆಗೆ ಸಾಮಾನ್ಯವಾಗಿ 1000 ಇರುತ್ತೆ.
2. ‘ಡಿಸ್ಕ್ಸ್’ ತೆರೆದು ಡಿ ಡ್ರೈವ್ ಆರಿಸಿ, ಗಿಯರ್ ಗುರುತಿನಲ್ಲಿ ‘ಎಡಿಟ್ ಮೌಂಟ್ ಆಪ್ಷನ್ಸ್’ ಒತ್ತಿ.
3. ‘ಯೂಸರ್ ಸೆಷನ್ ಡಿಫಾಲ್ಟ್ಸ್’ ಆಫ್ ಮಾಡಿ.
4. ಆಯ್ಕೆಗಳಿರೋ ಸಾಲಿನ ಕೊನೆಗೆ ಒಂದು ಅಲ್ಪವಿರಾಮ ಹಾಕಿ ಮೂರು ವಿಷಯ ಸೇರಿಸಿ: ಯುಐಡಿ=1000, ಜಿಐಡಿ=1000, ಯುಮಾಸ್ಕ್=022. ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರ, ಮಧ್ಯೆ ಅಲ್ಪವಿರಾಮ ಮಾತ್ರ, ಎಲ್ಲೂ ಜಾಗ ಬಿಡಬಾರದು.
5. ಅದೇ ಸಾಲಿನಲ್ಲಿ ‘ನೋಫೇಲ್’ ಅನ್ನೋ ಪದ ಇದೆಯಾ ನೋಡಿ, ಇಲ್ಲದಿದ್ರೆ ಸೇರಿಸಿ. ಡ್ರೈವ್ ತೆರೆಯದಿದ್ರೂ ಕಂಪ್ಯೂಟರ್ ಅರ್ಧಕ್ಕೆ ನಿಲ್ಲದೆ ಆನ್ ಆಗೋಕೆ ಇದು ಬೇಕು.
6. ಓಕೆ ಕೊಟ್ಟು, ಪಾಸ್‌ವರ್ಡ್ ಹಾಕಿ, ರೀಸ್ಟಾರ್ಟ್ ಮಾಡಿ.

ಬದಲಾಯಿಸೋ ಮುಂಚೆ ಹಳೇ ಸಾಲಿನ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಕೊಳ್ಳಿ. ಏನಾದ್ರೂ ಎಡವಟ್ಟಾದ್ರೆ ಹಾಗೇ ವಾಪಸ್ ಬರೆಯಬಹುದು.

022, 077, 000: ಯಾವುದು ಹಾಕಬೇಕು?

ಯುಮಾಸ್ಕ್ ಅಂದ್ರೆ ಯಾರಿಗೆ ಎಷ್ಟು ಹಕ್ಕು ಕಿತ್ಕೊಳ್ಳಬೇಕು ಅನ್ನೋ ಲೆಕ್ಕ. 022 ಹಾಕಿದ್ರೆ ನೀವು ಬರೆಯಬಹುದು, ಅದೇ ಕಂಪ್ಯೂಟರ್‌ನಲ್ಲಿ ಬೇರೆ ಖಾತೆಯಲ್ಲಿ ಲಾಗಿನ್ ಆದೋರು ನೋಡಬಹುದು ಅಷ್ಟೇ. 077 ಹಾಕಿದ್ರೆ ಅವರು ನೋಡೋಕೂ ಆಗಲ್ಲ. 000 ಹಾಕಿದ್ರೆ ಎಲ್ಲರೂ ಬರೆಯಬಹುದು, ಅಳಿಸಲೂಬಹುದು.

ಕೆಲಸ ಬೇಗ ಆಗ್ಲಿ ಅಂತ 000 ಹಾಕಿಕೊಡೋದು ಸುಲಭ. ಆದರೆ ಜೆರಾಕ್ಸ್, ಡಿಟಿಪಿ ಅಂಗಡಿಯ ಡ್ರೈವ್‌ನಲ್ಲಿ ಏನಿರುತ್ತೆ ಯೋಚಿಸಿ. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಜಾತಿ ಆದಾಯ ಪತ್ರ, ಪಹಣಿ. ಅಂಗಡಿಯಲ್ಲಿ ಕೆಲಸದ ಹುಡುಗರಿಗೆ ಬೇರೆ ಲಾಗಿನ್ ಇದ್ದರೆ 022 ಅಥವಾ 077 ಒಳ್ಳೇದು. ಗಿರಾಕಿ ನಂಬಿ ಕೊಟ್ಟ ಕಾಗದಕ್ಕೆ ಅಂಗಡಿಯವರೇ ಜವಾಬ್ದಾರರು.

ಇವನ್ನ ಮಾತ್ರ ಮಾಡ್ಬೇಡಿ

ಒಂದು, ಬಲವಂತವಾಗಿ ಬೀಗ ಒಡೆಯೋದು. ವಿಂಡೋಸ್ ನಿದ್ದೆಯಲ್ಲಿಟ್ಟ ಫೈಲನ್ನ ಅಳಿಸಿ ಡ್ರೈವ್ ತೆರೆಯೋ ‘ರಿಮೂವ್ ಹೈಬರ್‌ಫೈಲ್’ ಅನ್ನೋ ಆಯ್ಕೆ ಲಿನಕ್ಸ್‌ನಲ್ಲಿದೆ. ಅದನ್ನ ಕೊಟ್ಟರೆ ವಿಂಡೋಸ್ ಹೈಬರ್ನೇಟ್ ಆಗಿದ್ದಾಗ ತೆರೆದಿದ್ದ, ಸೇವ್ ಆಗದ ಕೆಲಸ ಎಲ್ಲಾ ಹೋಗುತ್ತೆ. ವಿಂಡೋಸ್ ಆನ್ ಮಾಡಿ ಸರಿಯಾಗಿ ಮುಚ್ಚೋಕೆ ಸಾಧ್ಯ ಇರೋವರೆಗೂ ಇದಕ್ಕೆ ಕೈ ಹಾಕಬಾರದು.

ಎರಡು, ಫೈಲ್ ಮ್ಯಾನೇಜರನ್ನ ಸದಾ ರೂಟ್ ಆಗಿ ತೆರೆದು ಕೆಲಸ ಮಾಡೋದು. ಆ ಕ್ಷಣಕ್ಕೆ ಸೇವ್ ಆಗುತ್ತೆ, ನಿಜ. ಆದರೆ ಕೈತಪ್ಪಿ ಒಂದು ಸಿಸ್ಟಮ್ ಫೋಲ್ಡರ್ ಅಳಿಸಿದ್ರೆ ತಡೆಯೋರು ಇರೋದಿಲ್ಲ.

ಮೂರು, ಕಾರಣ ತಿಳಿಯದೆ ಫಾರ್ಮ್ಯಾಟ್.

ಡಿಸ್ಕ್ ನಿಜವಾಗ್ಲೂ ಕೆಟ್ಟಿರಬಹುದಾ?

ಇರಬಹುದು. ಕಟಕಟ ಶಬ್ದ ಬರ್ತಿದ್ರೆ, ಫೈಲ್ ತೆರೆಯೋಕೆ ವಿಪರೀತ ಹೊತ್ತು ಹಿಡಿದ್ರೆ, ಕಾಪಿ ಮಾಡುವಾಗ ‘ಇನ್‌ಪುಟ್ ಔಟ್‌ಪುಟ್ ಎರರ್’ ಅಂತ ಬಂದ್ರೆ ಅನುಮಾನ ಪಡಬೇಕು. ‘ಡಿಸ್ಕ್ಸ್’ ಅಪ್ಲಿಕೇಶನ್‌ನಲ್ಲೇ ‘ಸ್ಮಾರ್ಟ್ ಡೇಟಾ’ ಅನ್ನೋ ಆಯ್ಕೆ ಇದೆ, ಅದು ಡಿಸ್ಕ್‌ನ ಆರೋಗ್ಯ ತೋರಿಸುತ್ತೆ. ಅಲ್ಲಿ ಕೆಟ್ಟಿದೆ ಅಂತ ಬಂದ್ರೆ ಚೆಕ್ಕು, ರಿಪೇರಿ ಯಾವುದನ್ನೂ ಮಾಡದೆ ಮೊದಲು ಫೈಲ್ ಉಳಿಸಿಕೊಳ್ಳಬೇಕು.

ಇನ್ನೊಂದು ಬೇರೆ ಥರದ ಬೀಗ ಬಿಟ್‌ಲಾಕರ್. ಡ್ರೈವ್ ತೆರೆಯೋಕೇ ಪಾಸ್‌ವರ್ಡ್ ಅಥವಾ ರಿಕವರಿ ಕೀ ಕೇಳಿದ್ರೆ ಅದು ಗೂಢಲಿಪಿ ಹಾಕಿದ ಡ್ರೈವ್. ವಿಂಡೋಸ್ ತೆಗೆಸೋ ಮುಂಚೆಯೇ ಬಿಟ್‌ಲಾಕರ್ ಆಫ್ ಮಾಡಿಸಬೇಕು, ಇಲ್ಲವೇ ಕೀ ಬರೆದಿಟ್ಕೊಳ್ಳಬೇಕು. ಕೀ ಕಳೆದ್ರೆ ಯಾವ ರಿಪೇರಿಯವರೂ ಏನೂ ಮಾಡೋಕಾಗಲ್ಲ.

ಮುಂದಕ್ಕೆ ಏನು ಮಾಡಬೇಕು?

ಎರಡೂ ವ್ಯವಸ್ಥೆ ಇಟ್ಕೊಂಡೋರು ಡಿ ಡ್ರೈವ್ ಎನ್‌ಟಿಎಫ್‌ಎಸ್ ಆಗೇ ಇರಲಿ, ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಇರಲಿ. ವಿಂಡೋಸ್ ಪೂರ್ತಿ ಬಿಟ್ಟೋರು ಎಲ್ಲಾ ಫೈಲ್ ಬೇರೆ ಕಡೆ ನಕಲು ಮಾಡಿ, ನಕಲು ತೆರೆದು ನೋಡಿ, ಆಮೇಲೆ ಡ್ರೈವನ್ನ ಲಿನಕ್ಸ್‌ನ ಎಕ್ಸ್‌ಟ್4 ಪದ್ಧತಿಗೆ ಬದಲಾಯಿಸಿಕೊಳ್ಳಬಹುದು. ಫಾರ್ಮ್ಯಾಟ್‌ಗೆ ಸರಿಯಾದ ಹೊತ್ತು ಅದೇ.

ಪೆನ್‌ಡ್ರೈವ್‌ಗೆ ಎಕ್ಸ್‌ಫ್ಯಾಟ್ ಸಾಕು, ವಿಂಡೋಸ್ ಲಿನಕ್ಸ್ ಎರಡರಲ್ಲೂ ನಡೆಯುತ್ತೆ. ಫ್ಯಾಟ್32 ಆದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ, ಮದುವೆ ವಿಡಿಯೋ ಹಾಕೋರಿಗೆ ಇದು ಗೊತ್ತಿರಲಿ. ಕನ್ನಡದಲ್ಲಿ ಫೈಲ್ ಹೆಸರಿಟ್ಟಿದ್ರೆ ಭಯ ಬೇಡ, ಎರಡೂ ಕಡೆ ಹಾಗೇ ಕಾಣುತ್ತೆ. ಲಿನಕ್ಸ್‌ನಲ್ಲಿ ಹೆಸರಿಡುವಾಗ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಎರಡು ಚುಕ್ಕಿಯ ವಿವರಣ ಚಿಹ್ನೆ ಹಾಕಬೇಡಿ, ವಿಂಡೋಸ್ ಅಂಥ ಹೆಸರು ಒಪ್ಪಲ್ಲ.

ರಿಪೇರಿಗೆ ಕೊಡುವಾಗ ಕೇಳಬೇಕಾದ್ದು

ಇಷ್ಟೆಲ್ಲಾ ತಾವೇ ಮಾಡೋಕೆ ಎಲ್ಲರಿಗೂ ಆಗಲ್ಲ. ಅಂಥೋರು ರಿಪೇರಿಯವರನ್ನ ಮೂರು ಪ್ರಶ್ನೆ ಕೇಳಿದ್ರೆ ಸಾಕು. ಡ್ರೈವ್ ರೀಡ್ ಓನ್ಲಿ ಆಗಿದೆಯೋ, ಪರ್ಮಿಷನ್ ಇಲ್ಲವೋ? ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ ನೋಡಿದ್ರಾ? ಕೈ ಹಾಕೋ ಮುಂಚೆ ಫೈಲ್ ನಕಲು ತೆಗೆದ್ರಾ?

ಮೂರಕ್ಕೂ ಉತ್ತರ ಕೊಡದೆ ‘ಫಾರ್ಮ್ಯಾಟ್ ಒಂದೇ ದಾರಿ’ ಅಂದ್ರೆ ಹಾರ್ಡ್‌ಡಿಸ್ಕ್ ವಾಪಸ್ ಇಸ್ಕೊಂಡು ಬನ್ನಿ. ಫೈಲ್ ಇನ್ನೂ ಅದರೊಳಗೇ ಇವೆ.